ವಿಶ್ವನಾಥ ಗಲ್ಲಿಯಿಂದ ಮಾನಮಂದಿರದ ಮಾಳಿಗೆಗೆ

ಪರಸ್ಥಳಕ್ಕೆ ಪ್ರವಾಸ ಹೋದವನು ಆ ಊರಿನಲ್ಲಿ ಎಲ್ಲಕ್ಕಿಂತ ಎತ್ತರವಾದ ಜಾಗ ಯಾವುದೆಂದು ವಿಚಾರಿಸಿ, ಅದನ್ನೇರಿ, ಸುತ್ತಲೂ ಒಮ್ಮೆ ಕಣ್ಣಾಡಿಸದೆ ಹಿಂತಿರುಗಿದರೆ ತನ್ನ ಪ್ರವಾಸ ಅಪೂರ್ಣವಾಯಿತೆಂದು ಕೊರಗುತ್ತಾನೆ. ಇದು ಮನುಷ್ಯಮಾತ್ರರ ಸ್ವಭಾವವೆಂದು ತೋರುತ್ತದೆ. ಪ್ಯಾರಿಸ್ಸಿನವರು 1889ರಲ್ಲಿ ಐಫೆಲ್ ಗೋಪುರವನ್ನು ಕಟ್ಟಿ ಈ ಚಪಲವನ್ನು ಚೆನ್ನಾಗಿಯೇ ತಣಿಸಿದರು. ನಾನು ಶಾಲೆಯ ಪ್ರವಾಸದಲ್ಲಿ ವಿಜಾಪುರದ ಗೋಲಗುಮ್ಮಟದ ಮೂಲೆಯ ಗೋಪುರದೊಳಗಿನ ಸುರುಳಿ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿದ್ದೆ. ದಿಲ್ಲಿಯ ಕುತುಬ್ ಮಿನಾರನ್ನು ಹತ್ತುವ ಅವಕಾಶ ನನ್ನ ತಲೆಮಾರಿನವರಿಗೆ ದೊರೆಯಲಿಲ್ಲ. 1981ರ ಡಿಸೆಂಬರ್ 4ರಂದು ಒಳಗಿನ ದೀಪ ಆರಿ, ನೂಕುನುಗ್ಗಲಾಗಿ, 45 ಮಂದಿ, ಅವರಲ್ಲಿ ಬಹುಪಾಲು ಶಾಲೆಯ ಮಕ್ಕಳು, ಪ್ರಾಣ ಕಳೆದುಕೊಂಡ ಮೇಲೆ ಅದರ ಬಾಗಿಲು ಮುಚ್ಚಿತು. ನಮ್ಮ ಮುಂಬಯಿಯಲ್ಲಿ 1878ರಲ್ಲಿ ಪೂರ್ಣಗೊಂಡ, 280 ಅಡಿ ಎತ್ತರದ ರಾಜಾಬಾಯಿ ಗೋಪುರವನ್ನು ನಾವು ದಿನವೂ ಲೋಕಲ್ ರೈಲಿಗೆ ಓಡುವಾಗ ಕೆಳಗಿನಿಂದಲೇ ನೋಡಿ, ಅದರ ಗಡಿಯಾರದೊಡನೆ ನಮ್ಮ ಕೈಗಡಿಯಾರವನ್ನು ತಾಳೆ ನೋಡಿ ತೃಪ್ತರಾಗುತ್ತೇವೆ.

ಈ ಲೇಖನ ಕಾಶಿಯ ಒಂದು ಎತ್ತರವನ್ನು ಕುರಿತದ್ದು. ಸಂಘದ ಸಂಚಿಕೆಯಲ್ಲಿ ಮಧುಮೇಹ, ರಕ್ತದೊತ್ತಡಗಳ ಬಗ್ಗೆ ವೈದ್ಯಮಹಾಶಯರು ಬರೆದ ಲೇಖನಗಳ ನಡುವೆ ಬ್ಯಾಂಕಿನ ಗುಮಾಸ್ತಗಿರಿಯಿಂದ ಮೇಲೆ ಬಂದ ನನ್ನಂಥವನ ಪ್ರವಾಸಕಥನಕ್ಕೆ ಏನು ಕೆಲಸವೆಂದು ವಾಚಕರು ಕೇಳಬಹುದು. ಕಥನದಲ್ಲಿ ಒಂದು ಜೊತೆ ಮೊಣಕಾಲುಗಳ ಪಾತ್ರವೂ ಇರುವುದರಿಂದ ಸಂಪಾದಕರು ಮನ್ನಿಸಿದ್ದಾರೆ.

ಆ ಮೊಣಕಾಲುಗಳು ನಮ್ಮ ತಾಯಿಯವರವು. ತೀರ್ಥಹಳ್ಳಿಯ ಕಡೆಯ ಗುಡ್ಡಗಳನ್ನು ಹತ್ತಿಳಿದು ಬೆಳೆದ ಆ ಜೀವ, ಮದುವೆಯ ತರುವಾಯ ನಾಲ್ಕು ದಶಕಗಳ ಕಾಲ ಮುಂಬಯಿಯ ಚಾಳೊಂದರ ಮೂರನೆಯ ಮಹಡಿಗೆ ಸಾಮಾನು ಹೊತ್ತು ಏರಿದುದರ ಫಲವೋ, ವಯೋಧರ್ಮವೋ, ಎಪ್ಪತ್ತು ದಾಟುವಷ್ಟರಲ್ಲಿ ಎರಡೂ ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. ಬಲಗಾಲಿಗಿಂತ ಎಡಗಾಲಿನ ನೋವು ಹೆಚ್ಚು. ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆಯೇ ದಾರಿಯೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರೂ ತಾಯಿಯವರು ಎರಡು ವರ್ಷ ಮುಂದೂಡಿದರು. ಕೊನೆಗೆ 2023ರ ಗಣೇಶನ ಹಬ್ಬದ ದಿನ ಒಂದು ಷರತ್ತನ್ನು ಮುಂದಿಟ್ಟರು. “ಒಮ್ಮೆ ಕಾಶಿಗೆ ಕರೆದುಕೊಂಡು ಹೋಗು. ಅಜ್ಜಯ್ಯ ಹತ್ತಿದ ಕಂಬವನ್ನು ನಾನೂ ನನ್ನ ಸ್ವಂತ ಕಾಲಿನಿಂದ ಹತ್ತಿ ಬರುತ್ತೇನೆ. ಆಮೇಲೆ ಡಾಕ್ಟರು ಏನು ಬೇಕಾದರೂ ಮಾಡಲಿ.”

ಅಜ್ಜಯ್ಯನೆಂದರೆ ತಾಯಿಯವರ ತಂದೆಯ ತಂದೆ. ಅವರು 1936ರಲ್ಲಿ ಕಾಶೀಯಾತ್ರೆ ಮಾಡಿ ಬಂದವರು. ಹಿಂತಿರುಗಿದ ಮೇಲೆ ನಡೆದ ಗಂಗಾ ಸಮಾರಾಧನೆಯ ವೈಭವವನ್ನೂ, ಊರಿನ ಮಕ್ಕಳ ಕೈಗೆಲ್ಲ ಅವರು ಕಟ್ಟಿದ ಕಾಶೀದಾರವನ್ನೂ ನಮ್ಮ ತಾಯಿಯವರು ಕಂಡವರಲ್ಲ, ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಮುದುಕರು ಮೊಮ್ಮಗಳನ್ನು ಚಾವಡಿಯಲ್ಲಿ ಕೂರಿಸಿಕೊಂಡು ಹೇಳಿದ ಕತೆಗಳು ಅವರಿಗೆ ಅಕ್ಷರಶಃ ನೆನಪಿವೆ. ಅವುಗಳಲ್ಲಿ ಮುಖ್ಯವಾದದ್ದು ಗಂಗೆಯ ದಡದ ಒಂದು ಮಹಾಸ್ತಂಭದ್ದು. ಒಳಗೆ ಕತ್ತಲು, ಸುರುಳಿ ಮೆಟ್ಟಿಲು, ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೊರಗಿ ನಿಲ್ಲಬೇಕು. ಮೇಲೆ ಹೋಗಿ ನಿಂತರೆ ಕಾಶೀಪಟ್ಟಣವೆಲ್ಲ ಶಿವನ ಜಟೆಯ ಅರ್ಧಚಂದ್ರದಂತೆ ಗಂಗೆಯನ್ನು ಬಳಸಿಕೊಂಡು ಮಲಗಿರುವುದು ಕಾಣುತ್ತದೆ. ಕಾಶಿಗೆ ಹೋದವರು ತಮಗೆ ಪ್ರಿಯವಾದುದೊಂದನ್ನು ಅಲ್ಲಿಯೇ ಬಿಟ್ಟು ಬರಬೇಕೆಂಬುದು ರೂಢಿಯಷ್ಟೆ. ಅಜ್ಜಯ್ಯ ಹಲಸಿನ ಹಣ್ಣನ್ನು ಬಿಟ್ಟು ಬಂದರಂತೆ. ಕಂಬದ ಕತೆಯನ್ನು ಮಾತ್ರ ಬಿಡಲಿಲ್ಲ.

ಷರತ್ತನ್ನು ಒಪ್ಪಿದ ದಿನ ರಾತ್ರಿಯೇ ನಾನು ಈ ಕಂಬ ಯಾವುದೆಂದು ಶೋಧಿಸತೊಡಗಿದೆ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಂಚಗಂಗಾ ಘಾಟಿನ ಮೇಲೆ, ಹಿಂದೆ ಬಿಂದುಮಾಧವನ ದೊಡ್ಡ ದೇಗುಲವಿದ್ದ ನಿವೇಶನದಲ್ಲಿ, ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಔರಂಗಜೇಬನ ಆಳ್ವಿಕೆಯ ಕಾಲದಲ್ಲಿ ಎದ್ದ ಮಸೀದಿಯ ಮಿನಾರುಗಳವು. ಆದರೆ ಊರಿನ ಜನ ಹಳೆಯ ದೇವರ ಹೆಸರನ್ನು ಬಿಡದೆ ‘ಮಾಧೋರಾಯನ ಧರಹರಾ’ ಎಂದೇ ಕರೆಯುತ್ತ ಬಂದರು. ಒಂದೊಂದರ ಎತ್ತರ ಮಸೀದಿಯ ಅಂಗಳದಿಂದ ಸುಮಾರು 147 ಅಡಿ. ಬುಡದ ವ್ಯಾಸ ಮಾತ್ರ ಎಂಟು ಅಡಿಯ ಆಸುಪಾಸು. ಇಷ್ಟು ತೆಳುವಾದ ಇಟ್ಟಿಗೆಯ ಕಂಬ ಅಷ್ಟೆತ್ತರ ನಿಂತದ್ದೇ ಆಶ್ಚರ್ಯ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಅವು ಬೀಳುವ ಸ್ಥಿತಿಗೆ ಬಂದಿದ್ದವು. ಅವನ್ನು ಭದ್ರಪಡಿಸಿದವನು ಜೇಮ್ಸ್ ಪ್ರಿನ್ಸೆಪ್. 1820ರಿಂದ 1830ರವರೆಗೆ ಕಾಶಿಯ ಟಂಕಸಾಲೆಯಲ್ಲಿ ನಾಣ್ಯದ ಲೋಹವನ್ನು ಪರೀಕ್ಷಿಸುವ ಅಧಿಕಾರಿಯಾಗಿದ್ದವನು. ಆ ಲೆಕ್ಕದಲ್ಲಿ ನನ್ನ ವೃತ್ತಿಗೆ ದೂರದ ನಂಟ. ಊರಿನ ನಕ್ಷೆಯನ್ನು ಬರೆದದ್ದೂ, ಗಲ್ಲಿಗಳ ಕೊಳಚೆಗೆ ನೆಲದಡಿ ಸುರಂಗ ತೋಡಿಸಿದ್ದೂ ಅವನೇ. ಮುಂದೆ ಕಲ್ಕತ್ತೆಗೆ ಹೋಗಿ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದವನೂ ಅವನೇ. ಅವನು ಬಿಡಿಸಿದ ಅಕ್ಷರಗಳಿಂದಲೇ ಅಲ್ಲವೇ, 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಕಾಣಿಸಿಕೊಂಡದ್ದು!

ರೈಲು ಬಂದ ಮೇಲೆ ಈ ಮಿನಾರನ್ನು ಹತ್ತುವುದು ಕಾಶಿಗೆ ಬಂದ ಪ್ರವಾಸಿಗಳ ದಿನಚರಿಯ ಒಂದು ಭಾಗವೇ ಆಗಿಹೋಗಿತ್ತು. ಅಮೆರಿಕದ ಹಾಸ್ಯಲೇಖಕ ಮಾರ್ಕ್ ಟ್ವೇನ್ 1896ರಲ್ಲಿ ಇಲ್ಲಿಗೆ ಬಂದವನು, ಮೇಲಿನಿಂದ ಕಾಣುವ ನೋಟ ಅದ್ಭುತವೆಂದು ಒಪ್ಪಿಕೊಂಡರೂ ಅದನ್ನು ಸರಿಯಾಗಿ ನೋಡಲಾಗಲಿಲ್ಲವೆಂದು ದೂರಿದ್ದಾನೆ. ಮಸೀದಿಯ ಎತ್ತರದ ಭಾಗಗಳಲ್ಲಿ ಒಂದು ಕೋತಿ ಇಲ್ಲಿಂದಲ್ಲಿಗೆ ಕೂದಲೆಳೆಯ ಅಂತರದಲ್ಲಿ ನೆಗೆಯುತ್ತಿದ್ದುದರಿಂದ ಅದು ಎಲ್ಲಿ ಬೀಳುವುದೋ ಎಂಬ ಗಾಬರಿಯಲ್ಲಿ ಅವನಿಗೆ ಗಂಗೆಯತ್ತ ಕಣ್ಣು ಹೊರಳಿಸಲು ಆಗಲೇ ಇಲ್ಲವಂತೆ.

ಇಷ್ಟೆಲ್ಲ ಓದಿ ಸಂತೋಷಪಡುತ್ತಿರುವಾಗಲೇ ಕೊನೆಯ ಸಾಲು ಎದುರಾಯಿತು. 1948ರಲ್ಲಿ ಒಂದು ಮಿನಾರು ಕುಸಿದು ಬಿತ್ತು. ಇನ್ನೊಂದನ್ನು ಅಪಾಯಕಾರಿಯೆಂದು ತೀರ್ಮಾನಿಸಿ ಸರ್ಕಾರವೇ ಇಳಿಸಿಬಿಟ್ಟಿತು. ಅಂದರೆ ಅಜ್ಜಯ್ಯ ಮೊಮ್ಮಗಳಿಗೆ ಕತೆ ಹೇಳುತ್ತಿದ್ದ ಕಾಲಕ್ಕೇ ಆ ಕಂಬದ ಕತೆ ಮುಗಿದಿತ್ತು. ಮುದುಕರಿಗೆ ಅದು ತಿಳಿದಿರಲಿಲ್ಲ.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಈ ಸಂಗತಿಯನ್ನು ನಾನು ತಾಯಿಯವರಿಗೆ ತಿಳಿಸಲಿಲ್ಲ. ತಿಳಿಸಿದರೆ ಕಾಶಿಯೂ ಬೇಡ, ಶಸ್ತ್ರಚಿಕಿತ್ಸೆಯೂ ಬೇಡವೆಂದಾರೆಂಬ ಭಯ. ಸಾಲಗಾರನಿಗೆ ಷರತ್ತುಗಳನ್ನೆಲ್ಲ ಓದಿ ಹೇಳದೆ ಸಹಿ ಹಾಕಿಸಿಕೊಳ್ಳಬಾರದೆಂದು ಕೈಕೆಳಗಿನವರಿಗೆ ವರ್ಷವೆಲ್ಲ ಉಪದೇಶಿಸುವ ನಾನು, ಮನೆಯಲ್ಲಿ ಅದನ್ನೇ ಮಾಡಿದೆ.

ಡಿಸೆಂಬರ್ 23 ನಾಲ್ಕನೆಯ ಶನಿವಾರ, 24 ಭಾನುವಾರ, 25 ಕ್ರಿಸ್‌ಮಸ್. ಬ್ಯಾಂಕಿನವರಿಗೆ ಇಂತಹ ಸಾಲು ರಜೆಗಳು ಅಪರೂಪ. ಗುರುವಾರ ನಡುರಾತ್ರಿಯ ಮಹಾನಗರಿ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟು ಶನಿವಾರ ಕಾಶಿ ಸೇರಿದೆವು. ಉತ್ತರದ ಚಳಿಗಾಲದ ಮಂಜಿನಿಂದ ರೈಲು ತಡವಾಯಿತು. ಹನುಮಾನ್ ಘಾಟಿನ ಸಮೀಪ, ಹಿಂದಿನ ಮೈಸೂರು ಸಂಸ್ಥಾನದವರು ಕಟ್ಟಿಸಿದ, ಈಗ ಕರ್ನಾಟಕದ ಹೆಸರಿನ ಸ್ನಾನಘಟ್ಟಕ್ಕೆ ಹತ್ತಿರದಲ್ಲೇ ಇಳಿದುಕೊಂಡೆವು. ಗೊದೌಲಿಯಾ ವೃತ್ತದ ಕಡೆಗೆ ಹೋದರೆ ವೀರಶೈವರ ಪಂಚಪೀಠಗಳಲ್ಲೊಂದಾದ ಕಾಶೀಪೀಠದ ಜಂಗಮವಾಡಿ ಮಠವಿದೆ. ಈ ಭಾಗದಲ್ಲಿ ಕನ್ನಡ ಕಿವಿಗೆ ಬೀಳದೆ ಅರ್ಧ ಗಂಟೆ ಕಳೆಯುವುದು ಕಷ್ಟ. ಶನಿವಾರ ಸಂಜೆಯೇ ಗಾಲಿಕುರ್ಚಿಯಲ್ಲಿ ತಾಯಿಯವರಿಗೆ ವಿಶ್ವನಾಥನ ದರ್ಶನವಾಯಿತು. 1780ರಲ್ಲಿ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ ಚಿಕ್ಕ ದೇಗುಲದ ಸುತ್ತ, 2021ರ ಡಿಸೆಂಬರ್ 13ರಂದು ತೆರೆದ ವಿಶಾಲವಾದ ಹೊಸ ಪ್ರಾಂಗಣ. ಅದನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ.

ಭಾನುವಾರ ಬೆಳಿಗ್ಗೆ ಮಂಜು ಹತ್ತಡಿಯಾಚೆಯ ಮನುಷ್ಯನನ್ನು ನುಂಗಿಬಿಟ್ಟಿತ್ತು. ಹೊತ್ತು ಕಳೆಯಲೆಂದು ವಿಶ್ವನಾಥ ಗಲ್ಲಿಯನ್ನು ಹೊಕ್ಕೆವು. ಎರಡು ಕೈ ಚಾಚಿದರೆ ಅತ್ತಿತ್ತಲಿನ ಅಂಗಡಿಗಳೆರಡನ್ನೂ ಮುಟ್ಟಬಹುದಾದಷ್ಟು ಇಕ್ಕಟ್ಟಾದ ಕಡೆಗಳೂ ಅಲ್ಲುಂಟು. ಗಾಜಿನ ಬಳೆ, ಕುಂಕುಮದ ಗೋಪುರಗಳು, ಹಿತ್ತಾಳೆಯ ದೇವರು, ರುದ್ರಾಕ್ಷಿ, ಅರಗಿನ ಬಣ್ಣ ಬಳಿದ ಮರದ ಗೊಂಬೆಗಳು, ಬನಾರಸಿ ಸೀರೆ, ಪೇಡೆ. ನೆಲಕ್ಕೆ ಹಾಸಿದ ಕಲ್ಲು ನೀರಿನಿಂದಲೂ ಹೂವಿನಿಂದಲೂ ಜಾರುತ್ತಿರುತ್ತದೆ. ಮೊಣಕಾಲಿನ ರೋಗಿಗಳು ಇಲ್ಲಿ ಚಪ್ಪಲಿಯ ಅಡಿಯನ್ನು ಪರೀಕ್ಷಿಸಿಕೊಂಡು ನಡೆಯುವುದು ಕ್ಷೇಮ. ಗಲ್ಲಿಯಲ್ಲಿ ನಡೆಯುವವನಿಗೆ ಮೇಲೆ ಒಂದು ಪಟ್ಟಿಯಷ್ಟಗಲದ ಆಕಾಶ, ಎದುರಿಗೆ ಮುಂದಿನವನ ಬೆನ್ನು. ಪಕ್ಕದಲ್ಲೇ ದೇಗುಲವಿದ್ದರೂ ಅದರ ಬಂಗಾರದ ಶಿಖರ ಕಾಣದು. ಪಂಜಾಬಿನ ಮಹಾರಾಜ ರಣಜಿತ್ ಸಿಂಗ್ 1830ರ ದಶಕದಲ್ಲಿ ಕೊಟ್ಟ ಚಿನ್ನವದು. ಅದನ್ನು ನೋಡಲೆಂದೇ ಹಿಂದೆ ಇಲ್ಲಿ ಒಂದು ಉಪಾಯವಿತ್ತು. 1785ರಲ್ಲಿ ವಾರನ್ ಹೇಸ್ಟಿಂಗ್ಸನ ಸೂಚನೆಯ ಮೇರೆಗೆ ಇಬ್ರಾಹಿಂ ಖಾನನೆಂಬ ಅಧಿಕಾರಿ ದೇಗುಲದ ಎದುರಿಗೆ ನೌಬತ್‌ಖಾನೆಯನ್ನು ಕಟ್ಟಿಸಿದ್ದ. ಒಳಗೆ ಪ್ರವೇಶವಿಲ್ಲದ ವಿದೇಶೀ ಪ್ರವಾಸಿಗಳನ್ನು ಅಂತಹ ಎದುರಿನ ಮಾಳಿಗೆಗಳಿಗೆ ಹತ್ತಿಸಿ, ಗಲ್ಲಿಯ ಈಚೆಯಿಂದಲೇ ಶಿಖರವನ್ನು ತೋರಿಸುತ್ತಿದ್ದರು. ಹಳೆಯ ಪ್ರವಾಸ ಕೈಪಿಡಿಗಳಲ್ಲಿ ಈ ಸಲಹೆ ತಪ್ಪದೆ ಇರುತ್ತಿತ್ತು. ಊರಿನ ಅತ್ಯಂತ ಇಕ್ಕಟ್ಟಾದ ಓಣಿಯಲ್ಲಿ ಅತ್ಯಂತ ಪುಟ್ಟದಾದ ವೀಕ್ಷಣಾಗೋಪುರ!

ಬಳೆಯ ಅಂಗಡಿಯೊಂದರ ಮುಂದೆ ತಾಯಿಯವರು ಕುಳಿತರು. ಮೊಮ್ಮಗಳಿಗೆಂದು ಬಳೆ ಆರಿಸುತ್ತ, ತಮ್ಮ ಮುಂಬಯಿ ಹಿಂದಿಯಲ್ಲಿ ವೃದ್ಧ ಅಂಗಡಿಕಾರನನ್ನು, ಇಲ್ಲಿಂದ ಮಾಧೋರಾಯನ ಕಂಬಕ್ಕೆ ಎಷ್ಟು ದೂರವಾಗುತ್ತದೆಂದು ಕೇಳಿದರು. ನಾನು ಮಾತು ತಿರುಗಿಸುವ ಮೊದಲೇ ಆತ ಉತ್ತರಿಸಿದ. “ಧರಹರಾ? ಅದು ಬಿದ್ದುಹೋಗಿ ಎಷ್ಟೋ ಕಾಲವಾಯಿತಲ್ಲ ತಾಯಿ! ನನ್ನ ತಂದೆ ಹುಡುಗನಾಗಿದ್ದಾಗಿನ ಮಾತು.”

ತಾಯಿಯವರು ಆರಿಸಿದ್ದ ಬಳೆಗಳನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. “ನಿನಗೆ ಗೊತ್ತಿತ್ತೇನೋ?” ಎಂದರು. ಗೊತ್ತಿತ್ತೆಂದು ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಬಳೆಯ ಹಣವನ್ನು ತಮ್ಮ ಚೀಲದಿಂದ ತಾವೇ ಎಣಿಸಿ ಕೊಟ್ಟರು. ಗಲ್ಲಿಯಲ್ಲಿ ಜನ ನಮ್ಮನ್ನು ಸವರಿಕೊಂಡು ಹೋಗುತ್ತಿದ್ದರು. ಹೂವಿನ ಬುಟ್ಟಿಗೆ ಬಾಯಿ ಹಾಕಿದ ಹಸುವನ್ನು ಯಾರೋ ಅಟ್ಟುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು. “ಹಾಗಾದರೆ ಈ ಊರಿನಲ್ಲಿ ಹತ್ತಿ ನೋಡುವಂಥದು ಬೇರೆ ಏನಿದೆ?”

ಅಂಗಡಿಕಾರನೇ ಕೈ ತೋರಿಸಿದ. ದಶಾಶ್ವಮೇಧ ಘಾಟಿನ ಪಕ್ಕದಲ್ಲಿ, ಗಲ್ಲಿಯಿಂದ ಕೆಲವೇ ನಿಮಿಷಗಳ ದಾರಿಯಲ್ಲಿ, ಮಾನಮಂದಿರ. ಅಂಬರದ ರಾಜಾ ಮಾನಸಿಂಹ 1600ರ ಸುಮಾರಿನಲ್ಲಿ ಗಂಗೆಗೆ ಮುಖಮಾಡಿ ಕಟ್ಟಿಸಿದ ಅರಮನೆ. ಅವನ ವಂಶದ ಸವಾಯಿ ಜಯಸಿಂಹ 1737ರ ಸುಮಾರಿನಲ್ಲಿ ಅದರ ಮಾಳಿಗೆಯ ಮೇಲೆ ಒಂದು ವೇಧಶಾಲೆಯನ್ನು ಕಟ್ಟಿಸಿದ. ದಿಲ್ಲಿ, ಜಯಪುರ, ಉಜ್ಜಯಿನಿ, ಮಥುರಾ, ಕಾಶಿ, ಹೀಗೆ ಅವನು ಕಟ್ಟಿಸಿದ ಐದರಲ್ಲಿ ಮಥುರೆಯದು ಉಳಿದಿಲ್ಲ. ಊರನ್ನು ನೋಡಲು ಕಟ್ಟಿದ ಗೋಪುರವಲ್ಲ ಇದು, ಆಕಾಶವನ್ನು ನೋಡಲು ಕಟ್ಟಿದ ಮಾಳಿಗೆ. ಎತ್ತರವಂತೂ ಹೌದು.

ಗಾಲಿಕುರ್ಚಿಯನ್ನು ಕರೆಸುತ್ತೇನೆಂದೆ. ಬೇಡವೆಂದರು. ಗೇಟಿನಲ್ಲಿ ಚೀಟಿ ಕೊಂಡು ಒಳಹೊಕ್ಕೆವು. ಕೆಳಗಿನ ಕೋಣೆಗಳಲ್ಲಿ 2019ರಿಂದ ಕಾಶಿಯ ಬದುಕನ್ನು ಪರದೆಯ ಮೇಲೆ ತೋರಿಸುವ ಹೊಸ ಬಗೆಯ ಸಂಗ್ರಹಾಲಯವಿದೆ. ಅಲ್ಲಿ ತಂಪಾಗಿ ಕುಳಿತುಕೊಳ್ಳೋಣವೆಂದು ಸೂಚಿಸಿದೆ. ಅದಕ್ಕೂ ಉತ್ತರವಿಲ್ಲ. ಕಲ್ಲಿನ ಮೆಟ್ಟಿಲುಗಳು ನಮ್ಮ ಕಟ್ಟಡಗಳ ಮೆಟ್ಟಿಲಿಗಿಂತ ಎತ್ತರ, ಕೆಲವು ಕಡೆ ಅಂಚು ಸವೆದಿವೆ. ತಾಯಿಯವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆಗೆ ಕೈಯಿಟ್ಟು ಹೊರಟರು.

ಭೌತಚಿಕಿತ್ಸಕರು ಅವರಿಗೆ ಹೇಳಿಕೊಟ್ಟಿದ್ದ ಒಂದು ಸೂತ್ರವನ್ನು ಇಲ್ಲಿ ಬರೆಯುತ್ತೇನೆ, ನಮ್ಮ ಸಂಘದ ಹಿರಿಯ ಸದಸ್ಯರಿಗೆ ಉಪಯೋಗಕ್ಕೆ ಬಂದೀತು. ಏರುವಾಗ ಗಟ್ಟಿಯಾದ ಕಾಲು ಮುಂದೆ, ಇಳಿಯುವಾಗ ನೋಯುವ ಕಾಲು ಮುಂದೆ. ಏರುವಾಗ ಮೇಲಿನ ಮೆಟ್ಟಿಲಿಗಿಟ್ಟ ಕಾಲೇ ದೇಹವನ್ನು ಎತ್ತಬೇಕು. ಇಳಿಯುವಾಗ ಹಿಂದೆ ಉಳಿದ ಕಾಲು ಮಡಿಚುತ್ತ ದೇಹವನ್ನು ಮೆಲ್ಲಗೆ ಇಳಿಸಬೇಕು. ಎರಡು ಸಲವೂ ದುಡಿಯುವುದು ಗಟ್ಟಿಯಾದ ಕಾಲೇ. ಒಂದೊಂದು ಮೆಟ್ಟಿಲಿನಲ್ಲಿಯೂ ಎರಡೂ ಪಾದಗಳನ್ನು ಜೋಡಿಸಿ ನಿಂತು, ಅನಂತರ ಮುಂದಿನದು. ಇಳಿಯುವಾಗ ಮೊಣಕಾಲಿನ ಮೇಲೆ ಬೀಳುವ ಒತ್ತಡ ದೇಹದ ತೂಕದ ಮೂರು ಪಟ್ಟನ್ನು ಮೀರುತ್ತದೆಯಂತೆ. ಆದ್ದರಿಂದಲೇ ಹತ್ತಿದ್ದಕ್ಕಿಂತ ಇಳಿದದ್ದು ಹೆಚ್ಚು ನೋಯುವುದು. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೇರವಾಗಿ ಚಾಚಿ ಕೆಲವು ಕ್ಷಣ ಹಿಡಿದಿಡುವ ವ್ಯಾಯಾಮದಿಂದ ತೊಡೆಯ ಮುಂಭಾಗದ ಸ್ನಾಯುಗಳು ಬಲಗೊಳ್ಳುತ್ತವೆ, ಕೀಲಿಗೆ ಅಷ್ಟರಮಟ್ಟಿಗೆ ಆಸರೆ. ತಾಯಿಯವರು ಈ ವ್ಯಾಯಾಮವನ್ನು ಮೂರು ತಿಂಗಳಿಂದ ದೂರದರ್ಶನದ ಮುಂದೆ ಕುಳಿತು ತಪ್ಪದೆ ಮಾಡುತ್ತಿದ್ದುದನ್ನು ನಾನು ನೋಡಿದ್ದೆ. ಏಕೆಂದು ಅಂದು ಅರ್ಥವಾಯಿತು. ಇಲ್ಲದ ಕಂಬವನ್ನು ಹತ್ತಲು ಸಿದ್ಧತೆ ನಡೆದಿತ್ತು.

ಬಲಗಾಲು, ಎಡಗಾಲು, ನಿಲ್ಲುವುದು. ಬಲಗಾಲು, ಎಡಗಾಲು, ನಿಲ್ಲುವುದು. ತುಟಿ ಅಲ್ಲಾಡುತ್ತಿತ್ತು; ಮೊದಲು ನಾಮಸ್ಮರಣೆಯೆಂದು ಭಾವಿಸಿದೆ, ಹತ್ತಿರ ಹೋದಾಗ ಮೆಟ್ಟಿಲು ಎಣಿಸುತ್ತಿದ್ದುದು ತಿಳಿಯಿತು. ಮಧ್ಯದಲ್ಲಿ ಒಂದು ಕಡೆ ಉಸಿರಿಗಾಗಿ ನಿಂತೆವು. ಸತ್ಯ ಹೇಳಬೇಕೆಂದರೆ ಉಸಿರು ಬೇಕಾಗಿದ್ದುದು ನನಗೆ. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕುಳಿತು ಚಹ ಕುಡಿದ ದೇಹ. ಹಿಂದಿನಿಂದ ಬಂದ ಬಂಗಾಳಿ ವಿದ್ಯಾರ್ಥಿಗಳ ಗುಂಪೊಂದು ನಮ್ಮಿಬ್ಬರನ್ನೂ ಗೋಡೆಗೆ ಒರಗಿಸಿ ಗಡಗಡನೆ ಮೇಲೆ ಹೋಯಿತು. “ಅಜ್ಜಯ್ಯ ಹೇಳಿದ ಹಾಗೇ ಆಯಿತು ನೋಡು” ಎಂದರು ತಾಯಿಯವರು. ಬಳೆಯ ಅಂಗಡಿಯ ತರುವಾಯ ಅವರಾಡಿದ ಮೊದಲ ಲಘುವಾದ ಮಾತು ಅದು.

ಮೇಲೆ ಬಂದಾಗ ಹನ್ನೊಂದು ದಾಟಿತ್ತು. ಮಂಜು ಹರಿದು ತೆಳ್ಳಗಾಗಿ ಬಿಸಿಲು ಬೀಳತೊಡಗಿತ್ತು. ಮಾಳಿಗೆಯ ಮೇಲೆ ಇಟ್ಟಿಗೆ ಗಾರೆಯ ಯಂತ್ರಗಳು: ಸಮ್ರಾಟ್ ಯಂತ್ರ, ಅದರದೇ ಒಂದು ಚಿಕ್ಕ ಪ್ರತಿ, ಚಕ್ರಯಂತ್ರ, ದಿಗಂಶಯಂತ್ರ, ದಕ್ಷಿಣೋತ್ತರ ಭಿತ್ತಿ. ಯಂತ್ರವೆಂದ ಮಾತ್ರಕ್ಕೆ ಚಕ್ರ, ಹಲ್ಲು, ಎಣ್ಣೆ ಏನೂ ಇಲ್ಲ. ಸಮ್ರಾಟ್ ಯಂತ್ರವೆಂದರೆ ಸುಮಾರು 36 ಅಡಿ ಉದ್ದದ, ಒಂದು ತುದಿಯಲ್ಲಿ 22 ಅಡಿಯಷ್ಟು ಎತ್ತರಕ್ಕೇರುವ ಇಳಿಜಾರು ಗೋಡೆ. ಅದು ಉತ್ತರ ದಕ್ಷಿಣವಾಗಿ ನಿಂತಿದೆ. ಇಳಿಜಾರಿನ ಕೋನ ಕಾಶಿಯ ಅಕ್ಷಾಂಶಕ್ಕೆ ಸಮ, ಅಂದರೆ 25 ಡಿಗ್ರಿಗೆ ಸ್ವಲ್ಪ ಹೆಚ್ಚು. ಆದ್ದರಿಂದ ಗೋಡೆಯ ಅಂಚನ್ನು ಹಿಡಿದು ರಾತ್ರಿ ಕಣ್ಣು ಹಾಯಿಸಿದರೆ ಅದು ಧ್ರುವದತ್ತ ಹೋಗುತ್ತದೆ. ಗೋಡೆಯ ಎರಡೂ ಪಕ್ಕಗಳಲ್ಲಿ ರೆಕ್ಕೆಯಂತೆ ಬಾಗಿದ, ಗುರುತು ಕೊರೆದ ಕಲ್ಲಿನ ಚಾಪಗಳು. ಬೆಳಿಗ್ಗೆ ಗೋಡೆಯ ನೆರಳು ಪಶ್ಚಿಮದ ಚಾಪದ ಮೇಲೆ ಬಿದ್ದು ಇಳಿಯುತ್ತ ಬರುತ್ತದೆ, ಮಧ್ಯಾಹ್ನಕ್ಕೆ ಅಳಿಸಿಹೋಗಿ ಪೂರ್ವದ ಚಾಪವನ್ನು ಏರತೊಡಗುತ್ತದೆ. ನೆರಳಿನ ಅಂಚು ನಿಂತಲ್ಲಿ ಗಂಟೆ. ರಾಬರ್ಟ್ ಬಾರ್ಕರ್ ಎಂಬ ಆಂಗ್ಲ ಸೇನಾನಿ 1772ರಲ್ಲಿ ಇವನ್ನು ನೋಡಿ ಬೆರಗಾಗಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಬರೆದಿದ್ದ.

ಕಾವಲುಗಾರ ನೆರಳನ್ನು ಓದಿ ತೋರಿಸಿದ. ನನ್ನ ಕೈಗಡಿಯಾರಕ್ಕೂ ಕಲ್ಲಿಗೂ ಎರಡು ಮೂರು ನಿಮಿಷಗಳ ಅಂತರ ಮಾತ್ರ. ಇದರ ಗುಟ್ಟು ಸರಳ. ನಮ್ಮ ದೇಶದ ಅಧಿಕೃತ ಕಾಲ 82 ಡಿಗ್ರಿ 30 ಮಿನಿಟಿನ ರೇಖಾಂಶದ್ದು. ಅದು ಕಾಶಿಯ ನೆರೆಯ ಮಿರ್ಜಾಪುರದ ಪಕ್ಕದಲ್ಲಿಯೇ ಹಾಯುತ್ತದೆ. ಕಾಶಿ ಅದಕ್ಕಿಂತ ಅರ್ಧ ಡಿಗ್ರಿ ಪೂರ್ವಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಎರಡು ನಿಮಿಷ. ಸೂರ್ಯನ ಚಲನೆಯ ಏರುಪೇರಿನಿಂದ ವರ್ಷದ ಬೇರೆ ದಿನಗಳಲ್ಲಿ ಕಾಲುಗಂಟೆಯವರೆಗೂ ವ್ಯತ್ಯಾಸ ಬರುವುದುಂಟು. ಡಿಸೆಂಬರ್ ಕೊನೆಯ ವಾರ ಆ ಏರುಪೇರು ಹೆಚ್ಚುಕಡಿಮೆ ಸೊನ್ನೆ. ಇದೇ ಯಂತ್ರವನ್ನು ನಮ್ಮ ಮುಂಬಯಿಯಲ್ಲಿ ಕಟ್ಟಿದ್ದರೆ ಅಂದು ಕಲ್ಲು ಗಡಿಯಾರಕ್ಕಿಂತ 38 ನಿಮಿಷ ಹಿಂದೆ ಉಳಿಯುತ್ತಿತ್ತು, ಬೆಂಗಳೂರಿನಲ್ಲಿ ಸುಮಾರು 20 ನಿಮಿಷ. ನಾವು ಮುಂಬಯಿಗರು ಬೆಳಿಗ್ಗೆ ನಿದ್ದೆ ಸಾಲದೆ ರೈಲಿಗೆ ಓಡುವುದಕ್ಕೆ ಇದೂ ಒಂದು ಕಾರಣವೆಂದು ಆಫೀಸಿನಲ್ಲಿ ಹೇಳಿ ನೋಡಿದೆ, ಯಾರೂ ಒಪ್ಪಲಿಲ್ಲ.

ತಾಯಿಯವರಿಗೆ ಇದಾವುದೂ ಬೇಕಿರಲಿಲ್ಲ. ಅವರು ಪೂರ್ವದ ಕಟ್ಟೆಯ ಬಳಿ ನಿಂತಿದ್ದರು. ಕೆಳಗೆ ದೋಣಿಗಳು, ದಶಾಶ್ವಮೇಧದ ಹುಲ್ಲಿನ ಕೊಡೆಗಳು, ಎದುರು ದಡದಲ್ಲಿ ಬರಿಯ ಮರಳು. ಬೆಟ್ಟದಿಂದಿಳಿದು ಪೂರ್ವಕ್ಕೆ ಹೋಗಬೇಕಾದ ಗಂಗೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಊರು ಆ ತಿರುವಿನ ಹೊರದಂಡೆಯಲ್ಲಿದೆ. ಆದ್ದರಿಂದ ನಡುವೆ ನಿಂತವನಿಗೆ ಎರಡು ತುದಿಗಳೂ ಮುಂದಕ್ಕೆ ಬಾಗಿ ಬಂದಂತೆ ತೋರುತ್ತವೆ. ಬಲಗಡೆ ಕೇದಾರ ಘಾಟ್, ಹರಿಶ್ಚಂದ್ರ ಘಾಟ್, ನಾವು ಇಳಿದುಕೊಂಡಿದ್ದ ಹನುಮಾನ್ ಘಾಟ್, ಅಸ್ಸಿಯ ಕಡೆಗೆ ಮಂಜಿನಲ್ಲಿ ಕರಗುವ ಸಾಲು. ಎಡಗಡೆ ಮಣಿಕರ್ಣಿಕೆಯ ಹೊಗೆ, ಅದರಾಚೆ ಮಸುಕಾಗಿ 1887ರ ಕಬ್ಬಿಣದ ಸೇತುವೆ. ಗಲ್ಲಿಯಲ್ಲಿ ನಡೆಯುವುದು ಒಂದೊಂದೇ ವೋಚರನ್ನು ತಿರುವಿದಂತೆ, ಇಲ್ಲಿ ನಿಂತು ನೋಡುವುದು ವರ್ಷಾಂತ್ಯದ ಆಸ್ತಿಹೊಣೆ ಪಟ್ಟಿಯನ್ನು ಬಿಡಿಸಿದಂತೆ. ಅರ್ಧ ಗಂಟೆಯ ಹಿಂದೆ ನಮ್ಮ ಮೈಮೇಲೆ ಬೀಳುತ್ತಿದ್ದ ಜನ, ಹಸು, ಗಂಟೆ, ಕೂಗು ಎಲ್ಲವೂ ಯಾವ ಮಾಳಿಗೆಯ ಕೆಳಗೆ ಅಡಗಿದವೋ ತಿಳಿಯಲಿಲ್ಲ.

“ಅಜ್ಜಯ್ಯನ ಕಂಬ ಎಲ್ಲಿತ್ತು?” ಎಂದು ಕೇಳಿದರು.

ಎಡಗಡೆ ಮಣಿಕರ್ಣಿಕೆಯ ಹೊಗೆಯ ಆಚೆಗೆ ಕೈತೋರಿಸಿದೆ. ಪಂಚಗಂಗೆಯ ಮೇಲೆ ಮಂಜುಮಂಜಾದ ಆಕಾಶವಲ್ಲದೆ ಏನೂ ಇರಲಿಲ್ಲ. ಎರಡು ಕಂಬಗಳಿದ್ದವೆಂದೂ, ಪ್ರಿನ್ಸೆಪ್ ಅವನ್ನು ಭದ್ರಪಡಿಸಿದನೆಂದೂ, 1948ರಲ್ಲಿ ಒಂದು ಬಿದ್ದಿತೆಂದೂ, ನಾನು ಓದಿದ್ದನ್ನೆಲ್ಲ ಅಲ್ಲಿ ನಿಂತು ಒಪ್ಪಿಸಿದೆ. ಮೂರು ತಿಂಗಳು ತಡವಾಗಿ. ಅವರು ಕೇಳಿಸಿಕೊಂಡರು. ಮಾರ್ಕ್ ಟ್ವೇನನ ಕೋತಿಗೆ ನಕ್ಕರು. ಅಜ್ಜಯ್ಯನ ಕತೆಯಲ್ಲೂ ಕೋತಿಯಿತ್ತಂತೆ, ಅವರ ಕೈಯ ಬಾಳೆಹಣ್ಣನ್ನು ಕಿತ್ತುಕೊಂಡದ್ದು. ನನಗದು ಹೊಸ ವಿಷಯ. ಆಮೇಲೆ ಅಸ್ಸಿಯ ತುದಿಯಿಂದ ಸೇತುವೆಯ ತುದಿಯವರೆಗೆ ನಿಧಾನವಾಗಿ ತಲೆ ತಿರುಗಿಸಿ ನೋಡಿ, “ಅರ್ಧಚಂದ್ರವೇ ಹೌದು. ಮುದುಕ ಸುಳ್ಳು ಹೇಳಿರಲಿಲ್ಲ” ಎಂದರು. “ನೀನು ಹೇಳಬಹುದಿತ್ತು” ಎಂಬುದನ್ನೂ ಅದೇ ಧ್ವನಿಯಲ್ಲಿ ಸೇರಿಸಿದರು. ಹೇಳಿದ್ದರೆ ಬರುತ್ತಿದ್ದಿರಾ ಎಂದು ಕೇಳಿದೆ. ಬರುತ್ತಿದ್ದೆ, ಆದರೆ ಬಿದ್ದುಹೋಗಿದೆಯೆಂದು ತಿಳಿದೇ ಬರುತ್ತಿದ್ದೆ, ಎಂದರು.

ವಿಶ್ವನಾಥನ ಶಿಖರ ಯಾವ ದಿಕ್ಕಿಗೆಂದು ಕೇಳಿದರು. ಗಲ್ಲಿಯ ಕಡೆಗೆ, ಒತ್ತೊತ್ತಾದ ಮಾಳಿಗೆಗಳ ಮೇಲೆ ಬೆರಳು ಚಾಚಿದೆ. ಅವರ ಕಣ್ಣಿಗೆ ಕಂಡಿತೋ ಇಲ್ಲವೋ, ಆ ದಿಕ್ಕಿಗೆ ಕೈಮುಗಿದು ಯಂತ್ರದ ನೆರಳಿನಲ್ಲಿ ಕುಳಿತರು. ನೆರಳು ಅವರ ಕಾಲಬುಡದಿಂದ ಸರಿದುಹೋಗುವವರೆಗೂ ಕುಳಿತೇ ಇದ್ದೆವು.

ಇಳಿಯುವುದು ಏರುವುದಕ್ಕಿಂತ ಕಷ್ಟವಾಯಿತು. ಎಡಗಾಲು, ಬಲಗಾಲು, ನಿಲ್ಲುವುದು. ನನ್ನ ಭುಜದ ಮೇಲೆ ಒಂದು ಕೈ, ಗೋಡೆಯ ಮೇಲೆ ಒಂದು ಕೈ. ಕೊನೆಯ ಮೆಟ್ಟಿಲುಗಳಲ್ಲಿ ಅವರ ಕೈ ನಡುಗುತ್ತಿದ್ದುದು ನನ್ನ ಭುಜಕ್ಕೆ ತಿಳಿಯುತ್ತಿತ್ತು. ಕೆಳಗೆ ಬಂದ ಮೇಲೆ ಒಟ್ಟು ಎಷ್ಟಾಯಿತೆಂದು ಕೇಳಿದೆ. ಲೆಕ್ಕ ಅವರಿಗೆ ಗೊತ್ತಿತ್ತು, ಹೇಳಲಿಲ್ಲ. ಗಾಲಿಕುರ್ಚಿ ಕರೆಸೆಂದು ತಾವೇ ಹೇಳಿದರು.

ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆ 2024ರ ಮಾರ್ಚಿಯಲ್ಲಿ ನಡೆಯಿತು. ಲೆಕ್ಕಪತ್ರ ಮುಗಿಸುವ ತಿಂಗಳು, ರಜೆ ಸಿಗದೆಂದು ನಾನು ಗೊಣಗಿದ್ದಕ್ಕೆ, ಮಾತು ಮಾತೇ ಎಂದು ದಿನಾಂಕವನ್ನು ಅವರೇ ನಿಗದಿಪಡಿಸಿಕೊಂಡರು. ಮರುದಿನ ನಡೆಸಲು ಬಂದ ಭೌತಚಿಕಿತ್ಸಕ ಹುಡುಗಿ ಏರುವಾಗ ಯಾವ ಕಾಲು ಮುಂದೆಂಬುದನ್ನು ವಿವರಿಸತೊಡಗಿದಾಗ, ನಮ್ಮ ತಾಯಿಯವರು ಆಕೆಯನ್ನು ತಡೆದು, ಮಾನಮಂದಿರದ ಮೆಟ್ಟಿಲುಗಳ ಸಂಖ್ಯೆಯನ್ನು ಆಕೆಯ ಕಿವಿಯಲ್ಲಿ ಹೇಳಿದರು.